ಕಾಳು ಹಾಕಿದ ಕೈ

ಗೋಡೆಯ ಮೇಲೆ ಕೂತಿದ್ದ ಬೆಳವ ಹಕ್ಕಿ ಕೂತಲ್ಲಿಂದಲೇ ಉರುಳಿ ಅಂಗಳಕ್ಕೆ ಬಿದ್ದಾಗ ನೇತ್ರಾವತಿ ಪಾತ್ರೆ ತೊಳೆಯುತ್ತಿದ್ದಳು. ಬೆಕ್ಕೇನಾದರೂ ಹಾರಿತೇ ಎಂದು ಎದ್ದು ಬಂದಳು. ಬೆಕ್ಕಿರಲಿಲ್ಲ. ಬೆಳವ ಅಂಗಾತ ಬಿದ್ದು ಕಾಲು ಆಡಿಸುತ್ತಿತ್ತು. ಹೊಂಗೆ ಮರದ ಬುಡದಲ್ಲಿ ಎರಡು ಗುಬ್ಬಿಗಳು ರೆಕ್ಕೆ ಹರಡಿಕೊಂಡು ಸತ್ತಿದ್ದವು. ಬೇಲಿಯ ಹತ್ತಿರ ಹೆಣ್ಣು ನವಿಲೊಂದು ನಾಲ್ಕು ಹೆಜ್ಜೆ ಇಟ್ಟು ಮುಗ್ಗರಿಸಿತು, ಎದ್ದಿತು, ಮತ್ತೆ ಮುಗ್ಗರಿಸಿತು. ಜಗಲಿಯ ಮಂಚದ ಮೇಲೆ ದಿಂಬಿಗೆ ಒರಗಿದ್ದ ಅತ್ತೆ ಯಲ್ಲಕ್ಕ ಇದನ್ನೆಲ್ಲ ನೋಡುತ್ತಿದ್ದಳು. ನೇತ್ರಾವತಿಗಿಂತ ಮುಂಚಿನಿಂದಲೇ ನೋಡುತ್ತಿದ್ದಿರಬೇಕು.

ಸಂಕ್ರಾಂತಿ ಕಳೆದ ಮರುವಾರ ಯಲ್ಲಕ್ಕನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಇಷ್ಟವಾದದ್ದನ್ನು ತೋರಿಸಿ ಮಾತಾಡಿಸುತ್ತಿರಿ ಎಂದು ಹೊಸದುರ್ಗದ ಡಾಕ್ಟರು ಹೇಳಿ ಕಳಿಸಿದ್ದರು. ಯಲ್ಲಕ್ಕ ನಲವತ್ತು ವರ್ಷ ಬಾಗೂರಿನ ಸುತ್ತ ಕುರಿ ಕಾದವಳು. ಪೊದೆಯೊಳಗಿನ ಕೂಗು ಕೇಳಿದರೆ ಸಾಕು, ಯಾವ ಹಕ್ಕಿಯೆಂದು ಹೇಳುತ್ತಿದ್ದಳು. ಅವಳನ್ನು ಅಡವಿಗೆ ಒಯ್ಯುವಂತಿರಲಿಲ್ಲವಾಗಿ ನೇತ್ರಾವತಿ ಹಕ್ಕಿಗಳನ್ನೇ ಅಂಗಳಕ್ಕೆ ಬರಮಾಡಿಕೊಂಡಳು. ಒಡೆದ ಗಡಿಗೆಯಲ್ಲಿ ನೀರಿಟ್ಟಳು, ದಿನಾ ಬೆಳಗ್ಗೆ ಮಂಚಕ್ಕೆ ಕಾಣುವಂತೆ ನವಣೆ ಚೆಲ್ಲಿದಳು. ಮೊದಲು ಕಾಗೆ ಬಂದವು, ಆಮೇಲೆ ಗುಬ್ಬಿ, ಬೆಳವ, ಗೊರವಂಕ. ಒಂದು ದಿನ ಬೇಲಿಯ ಸಂದಿಯಿಂದ ಎಳೆಯ ಕೋಳಿಯಷ್ಟು ದಪ್ಪದ ಬೂದು ಹಕ್ಕಿಯೊಂದು ನುಸುಳಿತು. "ಅದ್ಯಾವುದು ಅತ್ತೆ?" ಎಂದಳು ನೇತ್ರಾವತಿ. ಯಲ್ಲಕ್ಕನ ಸೊಟ್ಟ ಬಾಯಿ ಬಹಳ ಹೊತ್ತು ಒದ್ದಾಡಿತು. "ಗೌ... ಗೌಜ್ಲು." ಎರಡು ತಿಂಗಳ ಮೇಲೆ ಅದೇ ಮೊದಲ ಮಾತು. ಆಮೇಲೆ ಒಂದೊಂದೇ ಹಕ್ಕಿಯ ಹೆಸರು ಬಂತು. ಮಗನದೂ ಸೊಸೆಯದೂ ಇನ್ನೂ ಬಂದಿರಲಿಲ್ಲ. ಇವತ್ತಲ್ಲ ನಾಳೆ ಬರುತ್ತದೆಂದು ನೇತ್ರಾವತಿ ಕಾಯುತ್ತಿದ್ದಳು.

ನೇತ್ರಾವತಿಯ ಕೂಗು ಕೇಳಿ ಗಂಡ ರಂಗೇಶ್ ಕುರಿ ರೊಪ್ಪದಿಂದ ಓಡಿ ಬಂದ. ಹೆಂಡತಿಯ ಮುಖ ನೋಡಿದ, ನೆಲ ನೋಡಿದ.

"ಏನ್ ಹಾಕ್ದೆ ಇವಕ್ಕೆ?"

"ನವಣೆ ಮುಗಿದಿತ್ತು. ಬಿತ್ನೆ ಮೆಕ್ಕೆಜೋಳ ಮಿಕ್ಕಿತ್ತಲ್ಲ, ಅದನ್ನೇ ನುಚ್ಚು ಮಾಡಿ..."

"ಲೇ, ಆ ಬೀಜಕ್ಕೆ ಹುಳ ಸಾಯೋ ಔಷಧಿ ಮೆತ್ತಿರ್ತಾರೆ ಕಣೇ! ಕೆಂಪಗಿರಲಿಲ್ವಾ?"

"ಇತ್ತು. ಮೂರು ನೀರಲ್ಲಿ ತೊಳ್ದೆ. ಬಣ್ಣ ಪೂರಾ ಹೋಗಿತ್ತು ಕಣ್ರೀ, ಬೆಳ್ಳಗಾಗಿತ್ತು."

ರಂಗೇಶ್ ಮಂಚದ ಕಡೆ ತಿರುಗಿದ. ದನಿ ತಗ್ಗಿಸಿ ಕೇಳಿದ: "ಆ ನುಚ್ಚು ಅವ್ವಂಗೇನಾದ್ರೂ ಬೇಯಿಸಿ ಹಾಕಿದ್ಯಾ?"

ನೇತ್ರಾವತಿ ಆರು ತಿಂಗಳಿಂದ ಅತ್ತೆಯ ಮಲಮೂತ್ರ ಬಳಿದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, "ಇಲ್ಲ" ಎಂದಳು.

ಅವನು ಮೊರ ತಂದ. ನವಿಲು ಸತ್ತದ್ದು ಗೊತ್ತಾದರೆ ಫಾರೆಸ್ಟಿನವರು ಕೇಸು ಹಾಕುತ್ತಾರೆ, ಊರಿನವರ ಕಣ್ಣಿಗೆ ಬೀಳುವುದರೊಳಗೆ ರೊಪ್ಪದ ಹಿಂದೆ ಗುಂಡಿ ತೋಡಬೇಕು ಎಂದ. ನವಿಲು ಇನ್ನೂ ಸತ್ತಿರಲಿಲ್ಲ. ನೇತ್ರಾವತಿ ಚೊಂಬಿನಲ್ಲಿ ನೀರು ಒಯ್ದು ಅದರ ಕೊಕ್ಕಿಗೆ ಸೋಕಿಸಿದಳು. ನೀರು ಕೊಕ್ಕಿನ ಪಕ್ಕಕ್ಕೆ ಇಳಿದು ಹೋಯಿತು. "ಬಿಡು, ಅದು ಉಳಿಯಲ್ಲ" ಎಂದು ರಂಗೇಶ್ ಗುದ್ದಲಿ ಹುಡುಕಲು ಹೋದ. ಅವಳು ಅಂಗಳದ ತುಂಬ ಬಗ್ಗಿ ಬಗ್ಗಿ ಸತ್ತ ಹಕ್ಕಿಗಳನ್ನು ಮೊರಕ್ಕೆ ಹಾಕತೊಡಗಿದಳು. ಒಂದನ್ನು ಎತ್ತಿದಾಗ ಹಿಂದಿನಿಂದ ದನಿ ಬಂತು.

"ಬೆಳವ."

ಯಾವುದೆಂದು ಯಾರೂ ಕೇಳಿರಲಿಲ್ಲ. ಮಾತು ತೊದಲಿರಲೂ ಇಲ್ಲ. ನೇತ್ರಾವತಿ ತಿರುಗಿ ನೋಡದೆ ಮುಂದಿನದನ್ನು ಎತ್ತಿದಳು.

"ಗುಬ್ಬಿ." ಮತ್ತೊಂದಕ್ಕೆ ಮತ್ತೆ, "ಗುಬ್ಬಿ." ಬೇಲಿಯ ಬುಡದಲ್ಲಿದ್ದುದನ್ನು ಎರಡೂ ಕೈಯಲ್ಲಿ ಎತ್ತಬೇಕಾಯಿತು. "ಗೌಜ್ಲು" ಎಂದಳು ಯಲ್ಲಕ್ಕ. ಕಡೆಗೆ ರಂಗೇಶ್ ನವಿಲನ್ನು ಗೋಣಿಚೀಲಕ್ಕೆ ತುಂಬಿಕೊಂಡು ಹೋಗುವಾಗ ಅವಳು ಸೊಸೆಯ ಕೈಯನ್ನೇ ನೋಡುತ್ತಿದ್ದಳು. ಬಿಸಿಲು ಹೊಂಗೆಯ ನೆತ್ತಿಗೆ ಏರಿತ್ತು. ಇಡೀ ಅಂಗಳದಲ್ಲಿ ಗುದ್ದಲಿಯ ಸದ್ದೊಂದೇ ಕೇಳುತ್ತಿತ್ತು.

ನೇತ್ರಾವತಿ ಉಳಿದ ನುಚ್ಚನ್ನು ಒಂದು ಕಾಳೂ ಬಿಡದಂತೆ ಗುಡಿಸಿ ಗುಂಡಿಗೆ ಸುರಿದಳು. ಮೊರವನ್ನು ಸುಟ್ಟಳು. ತಲೆಗೆ ನೀರು ಹಾಕಿಕೊಂಡು, ಕೈಯನ್ನು ಸೋಪು ಹಚ್ಚಿ ಹಚ್ಚಿ ತೊಳೆದುಕೊಂಡಳು. ಅತ್ತೆಯ ಊಟದ ಹೊತ್ತು ಮೀರಿತ್ತು. ಒಲೆ ಹಚ್ಚಿ ರಾಗಿ ಮುದ್ದೆ ಕೂಡಿಸಿ, ಬಸ್ಸಾರಿನಲ್ಲಿ ಮೆತ್ತಗೆ ಅದ್ದಿಕೊಂಡು ಮಂಚದ ಅಂಚಿಗೆ ಬಂದು ಕೂತಳು.

"ಅತ್ತೆ, ಬಾಯಿ ತೆಗೀರಿ."

ಯಲ್ಲಕ್ಕ ತುಟಿ ಬಿಗಿದಳು. ನೇತ್ರಾವತಿ ತುತ್ತನ್ನು ಇನ್ನಷ್ಟು ಹತ್ತಿರ ಹಿಡಿದಳು. ಮುದುಕಿ ಆಡುವ ಎಡಗೈಯಿಂದ ಅದನ್ನು ತಳ್ಳಿದಳು. ಬಲ ಇರಲಿಲ್ಲ, ಆದರೂ ತಳ್ಳಿದಳು.

"ರಾಗಿ ಅತ್ತೆ, ನಮ್ಮ ಹೊಲದ ರಾಗಿ. ನೋಡ್ರಿ, ನಾನೇ ತಿಂತೀನಿ" ಎಂದು ನೇತ್ರಾವತಿ ಆ ತುತ್ತನ್ನು ತನ್ನ ಬಾಯಿಗೆ ಹಾಕಿಕೊಂಡಳು. ನೀರು ಕುಡಿದು ನುಂಗಿದಳು. ಎರಡನೇ ತುತ್ತು ಕಟ್ಟಿ ಮತ್ತೆ ಅತ್ತೆಯ ಮುಖ ನೋಡಿದಳು.

ಯಲ್ಲಕ್ಕ ಬಾಯಿ ತೆರೆದಿರಲಿಲ್ಲ. ಸೊಸೆ ಕೂತಲ್ಲಿಂದ ಉರುಳುವುದು ಯಾವಾಗ ಎಂಬಂತೆ, ರೆಪ್ಪೆ ಬಡಿಯದೆ ಅವಳನ್ನೇ ನೋಡುತ್ತಿದ್ದಳು.