ಒಂಬತ್ತು ಚೀಟಿ

ಕೋಚ್ ಶೂ ಡಬ್ಬ ತೆರೆದು ಒಂಬತ್ತು ಚೀಟಿಗಳನ್ನು ಬೆಂಚಿನ ಮೇಲೆ ಸಾಲಾಗಿ ಜೋಡಿಸಿ ಕ್ಯಾಪ್ಟನ್‌ಳನ್ನು ಕರೆದರು. ಹಳಬರೆಲ್ಲ ಕಾಲೇಜು ಮುಗಿಸಿ ಹೋದ ಮೇಲೆ, ಚೆಂಡು ಪುಟಿಸಲೂ ಬಾರದವರನ್ನು ಕಟ್ಟಿಕೊಂಡು ಅವಳು ಬಾಸ್ಕೆಟ್‌ಬಾಲ್ ತಂಡ ಕಟ್ಟುತ್ತಿದ್ದಳು. ಪ್ರತಿ ಸೋಲಿನ ನಂತರ, ಯಾರ ತಪ್ಪಿನಿಂದ ಸೋತೆವೆಂದು ಕ್ಯಾಪ್ಟನ್ ಒಂದು ಹೆಸರು ಬರೆದು ಡಬ್ಬಕ್ಕೆ ಹಾಕಬೇಕು. ಅದು ಕೋಚ್ ಮಾಡಿದ ನಿಯಮ.

"ಒಂಬತ್ತರಲ್ಲೂ ನಿನ್ನ ಹೆಸರೇ ಇದೆಯಲ್ಲಮ್ಮ."

"ಹೊಸಬರು ಸರ್, ಅವರ ಹೆಸರು ಬರೆದ್ರೆ ಕುಗ್ಗಿಹೋಗ್ತಾರೆ ಅಂತ ನಾನೇ..."

"ಗೊತ್ತು. ಯಾರ್ಯಾರು ಎಲ್ಲೆಲ್ಲಿ ಆಟ ಕೆಡಿಸಿದ್ರು ಅಂತ ನಾನೂ ನೋಡಿದ್ದೀನಿ." ಕೋಚ್ ಚೀಟಿಗಳನ್ನು ಒಂದೊಂದಾಗಿ ಪ್ರಿನ್ಸಿಪಾಲರ ಹೆಸರಿದ್ದ ಲಕೋಟೆಯೊಳಗೆ ಹಾಕಿ ಬಾಯಿ ಅಂಟಿಸಿದರು. "ಆದ್ರೆ ಮೇಲಿನವರು ನನ್ನ ಕುತ್ತಿಗೆ ಮೇಲೆ ಕೂತಿದ್ದಾರೆ, ಯಾರನ್ನಾದ್ರೂ ತೋರಿಸ್ಲೇಬೇಕು. ನೀನೇ ನಿನ್ನ ಕೈಯಾರೆ ಬರೆದುಕೊಟ್ಟಿದ್ದೀಯ, ನನ್ನ ಕೆಲಸ ಹಗುರಾಯ್ತು. ಜೆರ್ಸಿ ಬಿಚ್ಚಿಟ್ಟು ಹೋಗು."

ಅವಳು ಹಿಂದೆ ಕೂತಿದ್ದ ತಂಡದ ಕಡೆ ತಿರುಗಿದಳು. ಎಲ್ಲರಿಗೂ ಆಗಲೇ ಶೂ ಲೇಸು ಕಟ್ಟಿಕೊಳ್ಳುವ ಕೆಲಸ ಬಿದ್ದಿತ್ತು. ಒಬ್ಬಳು ಮಾತ್ರ ತಲೆ ಎತ್ತಿದಳು. ಹೋದ ಪಂದ್ಯದಲ್ಲಿ ಕೊನೆಯ ಗಳಿಗೆಯಲ್ಲಿ ಚೆಂಡನ್ನು ಎದುರಾಳಿಯ ಕೈಗೇ ಎಸೆದವಳು, ಒಂಬತ್ತನೇ ಚೀಟಿಯಲ್ಲಿ ಇರಬೇಕಾಗಿದ್ದವಳು. ಇವಳಾದರೂ ಬಾಯಿ ಬಿಡುತ್ತಾಳೆಂದು ಕ್ಯಾಪ್ಟನ್ ಅವಳನ್ನೇ ನೋಡಿದಳು.

"ಅಕ್ಕಾ," ಎಂದಳು ಅವಳು ಮೆಲ್ಲಗೆ, "ನಿಮ್ಮ ಏಳನೇ ನಂಬರಿನ ಜೆರ್ಸಿ ನಾನು ತಗೊಳ್ಳಲಾ? ನಂದು ಭುಜದಲ್ಲಿ ಬಿಗಿ ಆಗ್ತಿದೆ."