ಕಾಗದದ ಲೋಟ

ಮೈಕ್ ಮುಂದೆ ನನ್ನ ದನಿ ಹೊರಡುತ್ತದೋ ಇಲ್ಲವೋ ಎಂಬ ಅಳುಕು ಬೆಳಗಿನಿಂದಲೂ ಇತ್ತು. ಸನ್ಮಾನ ಅವ್ವನಿಗೆ. ಆದರೆ ಅವಳು ಮಾತಾಡದಿದ್ದರೆ ನಾನೇ ಎದ್ದು ನಿಲ್ಲಬೇಕು.

ಕೂಲಿ ಬಿಟ್ಟು ಅವ್ವ ಕಾಗದದ ಲೋಟ ಮಾಡುವ ಯಂತ್ರ ತಂದಾಗ, ನಮ್ಮ ಕೇರಿಯವರು ಮುಟ್ಟಿದ ಲೋಟದಲ್ಲಿ ಯಾರು ಕುಡಿದಾರು ಎಂದು ಊರು ನಕ್ಕಿತ್ತು. ಆದರೂ ವ್ಯಾಪಾರ ಬೆಳೆಯಿತು. ಇಂದಿನ ಸಭೆಯ ಅಧ್ಯಕ್ಷರೇ ನಮ್ಮ ದೊಡ್ಡ ಗಿರಾಕಿ. ಮಾಲು ಇಳಿಸಲು ಅವರ ಹೋಟೆಲಿನ ಹಿಂಬಾಗಿಲಿಗೆ ಹೋದಾಗಲೆಲ್ಲ ಒಳಗಿನ ಮೇಜುಗಳ ಮೇಲೆ ನನಗೆ ಸ್ಟೀಲ್ ಲೋಟಗಳೇ ಕಾಣುತ್ತಿದ್ದವು.

ವೇದಿಕೆಗೆ ಕಾಫಿ ಬಂತು. ಎಲ್ಲರಿಗೂ ಪಿಂಗಾಣಿ ಕಪ್ಪು, ಅವ್ವನಿಗೊಬ್ಬಳಿಗೆ ಕಾಗದದ ಲೋಟ.

"ನಿಮ್ಮದೇ ಮಾಲು ಚಿಕ್ಕತಾಯಮ್ಮ, ಅಭಿಮಾನಕ್ಕೆ ಕೊಟ್ಟಿದ್ದೀವಿ," ಎಂದು ಅಧ್ಯಕ್ಷರು ನಕ್ಕರು. ಸಭೆ ಚಪ್ಪಾಳೆ ತಟ್ಟಿತು.

ಲೋಟವನ್ನೇ ನೋಡುತ್ತಿದ್ದ ಅವ್ವನ ಕೈಗೆ ಅವರು ಮೈಕ್ ಕೊಟ್ಟರು.

"ಅವತ್ತು ನಿಮ್ಮ ಲೋಟ ಯಾರೂ ಮುಟ್ಟಲ್ಲ ಅಂದ್ರು. ಇವತ್ತು ನನ್ನ ಹೋಟ್ಲೊಂದಕ್ಕೇ ಮೂಟೆಗಟ್ಟಲೆ ಬೇಕು! ಏನಮ್ಮ ಇದರ ಗುಟ್ಟು? ನಾಲ್ಕು ಜನ ಕೇಳಲಿ, ಹೇಳಿ."

"ನಂಗೇನ್ ಗೊತ್ತು ಸ್ವಾಮಿ, ಮಗಳು ಓದವ್ಳೆ, ಅವಳೇ ಹೇಳ್ತಾಳೆ," ಎಂದ ಅವ್ವ, ಮುಂದಿನ ಸಾಲಿನಲ್ಲಿದ್ದ ನನ್ನನ್ನು ಮೇಲೆ ಕರೆದು ಮೈಕನ್ನು ಕೈಗಿಡುತ್ತ ಪಿಸುಗುಟ್ಟಿದಳು: "ಒಳ್ಳೇದೇ ಹೇಳವ್ವ. ಇವ್ರು ಕೈಬಿಟ್ರೆ ಮತ್ತೆ ಕೂಲಿನೇ."

ಆಶ್ಚರ್ಯವೆಂದರೆ, ದನಿ ನಡುಗಲಿಲ್ಲ.

"ನಮ್ಮ ಲೋಟದಲ್ಲಿ ನೀವು ಕುಡಿಯಲ್ಲ ಸಾರ್. ನಮ್ಮ ಕೇರಿಯೋರು ಬಂದ್ರೆ ಕೊಡೋಕೆ ಅಂತ ತಗೋತೀರ."