ಚಕ್ಕುಬಂದಿಯ ಹೆಸರುಗಳು

"ಉತ್ತರಕ್ಕೆ ನಿಕಾನೋರ್ ಸೆರ್ನಾ ಮನೆ, ದಕ್ಷಿಣಕ್ಕೆ ವಿಧವೆ ಎದುವೀನಾ ಮನೆ..." ಕ್ರಯಪತ್ರವನ್ನು ಗಟ್ಟಿಯಾಗಿ ಓದುತ್ತಿದ್ದ ನೋಟರಿ ಓಸ್ಪಿನಾ, ಮನೆ ಮಾರಲು ಬಂದಿದ್ದ ಎಡೆಲ್ಮೀರಾ ಸಹಿ ಮಾಡುವ ಪೆನ್ನನ್ನು ಕೆಳಗಿಟ್ಟದ್ದು ಕಂಡು ತಡೆದರು.

"ಎದುವೀನಾ ತೀರಿಹೋಗಿ ಹನ್ನೊಂದು ವರ್ಷ ಆಯ್ತು ಸೆನ್ಯೋರ್, ಅಲ್ಲೀಗ ಔಷಧಿ ಅಂಗಡಿ. ನಿಕಾನೋರ್ ಅಂತೂ ಸಾಯೋವರೆಗೂ ನನ್ನ ಏಣಿ ವಾಪಸ್ ಕೊಡ್ಲಿಲ್ಲ."

"ಚಕ್ಕುಬಂದಿನ ಹಳೇ ಪತ್ರದಿಂದ ಹಂಗೇ ಇಳಿಸ್ತೀವಿ ದೋನ್ಯಾ. ಇದ್ದಾರಾ, ಸತ್ತಿದ್ದಾರಾ ಅಂತ ಯಾರು ನೋಡ್ತಾರೆ? ಬೇಕಂದ್ರೆ ತಿದ್ದಿಸೋಣ, ಸಹಿ ಮುಂದಿನ ವಾರಕ್ಕೆ ಹೋಗುತ್ತೆ."

ಕೊಳ್ಳಲು ಬಂದಿದ್ದ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಆ ಬೀದಿಯಲ್ಲಿ ಎಡೆಲ್ಮೀರಾಳನ್ನು ಹೆಸರು ಹಿಡಿದು ಕೂಗುವವರು ಯಾರೂ ಉಳಿದಿರಲಿಲ್ಲ; ಅದಕ್ಕೇ ಅವಳು ಮಾರಲು ಹೊರಟದ್ದು. ಈಗ ನೋಡಿದರೆ ಸತ್ತ ಆ ಇಬ್ಬರು ನೆರೆಯವರೂ ಬಂದು ಅವಳ ಅಕ್ಕಪಕ್ಕದ ಖಾಲಿ ಕುರ್ಚಿಗಳಲ್ಲಿ ಕುಳಿತಂತಿತ್ತು.

"ಹಂಗಾದ್ರೆ ಅವರ ಮನೆ ಪತ್ರಗಳಲ್ಲಿ ನಾನೂ ಇದ್ದೀನಾ? ಇದನ್ನ ಮಾರಿದ ಮೇಲೂ?"

"ಇರ್ತೀರಿ. ಎದುವೀನಾಗೆ ಉತ್ತರಕ್ಕೆ, ನಿಕಾನೋರ್‌ಗೆ ದಕ್ಷಿಣಕ್ಕೆ. ಯಾರಾದ್ರೂ ತಿದ್ದಿಸೋವರೆಗೂ."

ಎಡೆಲ್ಮೀರಾ ಪೆನ್ನು ಎತ್ತಿಕೊಂಡಳು. "ಏನೂ ತಿದ್ದಬೇಡಿ. ಏಣಿ ಅವನೇ ಇಟ್ಕೊಳ್ಳಲಿ," ಎಂದು ಸಹಿ ಹಾಕಿದಳು.